ಹಳೆಯ ಟ್ರ್ಯಾಕ್ಟರ್ ಮತ್ತು ಒಂದು ಹಲಸಿನ ಕೊರಡು

ನಮ್ಮ ಕರಾವಳಿಯ ಕ್ರೈಸ್ತ ಕೃಷಿಕ ಕುಟುಂಬಗಳ ಹಟ್ಟಿಗಳಲ್ಲಿ ಒಂದು ಕಾಲಕ್ಕೆ ಉಳುವ ಎತ್ತು ಕೋಣಗಳಿಗೆ ಮನೆಮಂದಿಯಷ್ಟೇ ಆದರವಿತ್ತು. ಇಂದು ಆ ಹಟ್ಟಿಗಳಲ್ಲಿ ಬೈಕುಗಳೂ ತೆಂಗಿನ ಸಿಪ್ಪೆಗಳೂ ತುಂಬಿವೆ. ಉಳುಮೆಗೆ ಬಾಡಿಗೆಯ ಯಂತ್ರವೇ ಗತಿ. ಆದರೆ ಕಾರ್ತೆಲ್ ತಿಂಗಳಲ್ಲಿ ಮಳೆ ಹಿಡಿದಾಗ ಇಡೀ ಊರಿಗೆ ಒಂದೇ ಸಲ ಯಂತ್ರ ಬೇಕಾಗುತ್ತದೆ. ಎರಡು ಎಕರೆಯ ಬೈಲಿನ ಒಡೆಯನ ಸರದಿ ಬರುವಷ್ಟರಲ್ಲಿ ನೇಜಿ ಬಲಿತು ಹಳದಿಯಾಗಿರುತ್ತದೆ. ಎರಡು ವರ್ಷ ಹೀಗೆಯೇ ನಷ್ಟವನ್ನು ಅನುಭವಿಸಿದ ಬಳಿಕ, ಈ ಬಾರಿಯೂ ತಡವಾದರೆ ಬೈಲನ್ನು ಹಡೀಲು ಬಿಡುವುದೇ ಲೇಸೆಂದು ನಮ್ಮ ಮನೆಯಲ್ಲಿ ಮಾತು ಹುಟ್ಟಿತು.

ಆ ಮಾತಿಗೆ ಉತ್ತರವೆಂಬಂತೆ, ಘಟ್ಟದ ಮೇಲಿನ ತೋಟವೊಂದರಲ್ಲಿ ಎರಡು ಮಳೆಗಾಲ ಟಾರ್ಪಾಲಿನ ಕೆಳಗೆ ನಿಂತಿದ್ದ ಹದಿನೆಂಟು ಅಶ್ವಶಕ್ತಿಯ, ಮೂರು ಸಿಲಿಂಡರಿನ ಪುಟ್ಟ ಟ್ರ್ಯಾಕ್ಟರೊಂದನ್ನು ಫೆಬ್ರವರಿಯಲ್ಲಿ ಮನೆಗೆ ತಂದೆವು. ಹೊಸದರ ಬೆಲೆಯ ಮೂರನೆಯ ಒಂದು ಪಾಲೂ ಆಗಲಿಲ್ಲ. ನಲವತ್ತು ಐವತ್ತು ಅಶ್ವಶಕ್ತಿಯ ದೊಡ್ಡ ಯಂತ್ರ ನಮ್ಮ ಕಿರುಗದ್ದೆಗಳಲ್ಲಿ ತಿರುಗಲಾರದು, ಮೆತ್ತನೆಯ ಬೈಲಿನಲ್ಲಿ ಹೂತು ಹೋಗುವುದೂ ಉಂಟು. ಚಿಕ್ಕದಕ್ಕೆ ಆ ತೊಂದರೆ ಕಡಿಮೆ. ಕೊಳ್ಳುವ ಮುನ್ನ ಎಂಜಿನ್ ಹಾಗೂ ಚಾಸಿಸ್ ಸಂಖ್ಯೆಗಳು ಆರ್‌.ಸಿ. ಪುಸ್ತಕದೊಂದಿಗೆ ತಾಳೆಯಾಗುವುದನ್ನು ನೋಡಿದೆವು. ಹೆಸರು ಬದಲಾವಣೆಗೆ 29 ಮತ್ತು 30ನೆಯ ನಮೂನೆಗಳಿಗೂ, ಹಳೆಯ ಬ್ಯಾಂಕ್ ಸಾಲ ತೀರಿದ್ದಕ್ಕೆ 35ನೆಯ ನಮೂನೆಗೂ ಸಹಿ ಪಡೆದೆವು. ಕಾಗದಪತ್ರ ಸರಿಯಿಲ್ಲದ ಅಗ್ಗದ ಯಂತ್ರ ಕೊನೆಗೆ ಅಗ್ಗವಾಗಿ ಉಳಿಯುವುದಿಲ್ಲ.

ನಾನು ಮೆಕ್ಯಾನಿಕ್ ಅಲ್ಲ. ತಂದೆಯವರ ಕಾಲದ ಡೀಸೆಲ್ ಪಂಪ್‌ಸೆಟ್ಟನ್ನು ಬಿಚ್ಚಿ ಜೋಡಿಸಿದ್ದೇ ನನ್ನ ವಿದ್ಯೆ. ಆದರೂ ಆ ಹಳೆಯ ಪಂಪು ಕಲಿಸಿದ ಒಂದು ಪಾಠ ನೆನಪಿನಲ್ಲಿತ್ತು: ಡೀಸೆಲ್ ಎಂಜಿನ್ನಿಗೆ ಬೇಕಾದುದು ಶುದ್ಧವಾದ ಗಾಳಿ, ಶುದ್ಧವಾದ ಇಂಧನ ಮತ್ತು ಒತ್ತಡ. ಈ ಮೂರರಲ್ಲಿ ಯಾವುದು ಇಲ್ಲವೆಂದು ಕಂಡುಕೊಂಡರೆ ಅರ್ಧ ಕೆಲಸ ಮುಗಿಯಿತು.

ಸ್ಟಾರ್ಟರ್ ತಿರುಗಿಸಿದಾಗ ಎಂಜಿನ್ ಸುತ್ತುತ್ತಿತ್ತು, ಹೊಗೆ ಮಾತ್ರ ಒಂದಿಷ್ಟೂ ಬರಲಿಲ್ಲ. ಹೊಗೆಯೇ ಇಲ್ಲವೆಂದರೆ ಇಂಧನ ಒಳಗೆ ಹೋಗುತ್ತಿಲ್ಲವೆಂದು ಅರ್ಥ. ಟಾಂಕಿಯ ತಳದಲ್ಲಿ ನೀರೂ ಕಪ್ಪು ಲೋಳೆಯೂ ಕೂತಿದ್ದವು. ಗಾಳಿ ಶೋಧಕದಲ್ಲಿ ಇಲಿಯ ಸಂಸಾರವೇ ಇತ್ತು. ಟಾಂಕಿಯನ್ನು ಕಳಚಿ ತೊಳೆದು, ಹೊಸ ಫಿಲ್ಟರ್ ಹಾಕಿ, ಕೊಳವೆಯೊಳಗಿನ ಗಾಳಿಯನ್ನು ತೆಗೆಯಲು ಕುಳಿತೆವು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆಗಳಿಲ್ಲದ ಡೀಸೆಲ್ ಹರಿಯುವ ತನಕ ಕೈಪಂಪನ್ನು ಒತ್ತಬೇಕು. ಬಳಿಕ ಇಂಜೆಕ್ಟರಿನ ಕೊಳವೆಯ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಎಂಜಿನ್ ಸುತ್ತಿಸಿ, ಡೀಸೆಲ್ ಚಿಮ್ಮಿದೊಡನೆ ಬಿಗಿಯಬೇಕು. ಸ್ಟಾರ್ಟರನ್ನು ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸದೆ, ನಡುವೆ ವಿಶ್ರಾಂತಿ ಕೊಡಬೇಕು. ಕೈ ಮತ್ತು ಮುಖ ದೂರವಿರಲಿ. ಆ ಒತ್ತಡದ ಡೀಸೆಲ್ ಚರ್ಮವನ್ನು ಸೀಳಿ ಒಳಗೆ ಹೋಗಬಲ್ಲುದು. ಗಾಯ ಸೂಜಿಮೊನೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮೂರನೆಯ ಸಂಜೆ, ತೇರ್ಸ ಮುಗಿಸಿ ಬಂದು ಕೀಲಿ ತಿರುಗಿಸಿದಾಗ ಯಂತ್ರ ಕೆಮ್ಮಿ, ಬಿಳಿ ಹೊಗೆಯುಗುಳಿ ಎಚ್ಚರಗೊಂಡಿತು. ಅಂದಿನಿಂದ ನನ್ನ ಕಿರಿಯ ಮಗ ಹೊಗೆಯ ಬಣ್ಣ ನೋಡಿ ಕಾಯಿಲೆ ಹೇಳಲು ಕಲಿತ. ಕಪ್ಪು ಹೊಗೆಯಾದರೆ ಗಾಳಿ ಸಾಲದು, ಇಲ್ಲವೆ ಇಂಧನ ಹೆಚ್ಚು. ನೀಲಿಯಾದರೆ ಎಂಜಿನ್ ಎಣ್ಣೆ ಉರಿಯುತ್ತಿದೆ. ಬಿಳಿ ನಿಲ್ಲದಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಇಲ್ಲವೆ ನೀರು ಸೇರಿದೆ. ನಮ್ಮದರ ಒಂದು ಇಂಜೆಕ್ಟರ್ ಸೋರುತ್ತಿತ್ತು. ಅದನ್ನು ಪೇಟೆಯ ಪಂಪ್ ವರ್ಕ್‌ಶಾಪಿಗೆ ಒಯ್ದು ಪರೀಕ್ಷಿಸಿ ತಂದೆವು. ಇಂಧನ ಪಂಪನ್ನು ಮಾತ್ರ ಮನೆಯಲ್ಲಿ ಬಿಚ್ಚಲಿಲ್ಲ. ಅದರೊಳಗಿನ ನಯವಾದ ಬಿಡಿಭಾಗಗಳಿಗೆ ನಮ್ಮ ಅಂಗಳದ ಧೂಳೇ ಶತ್ರು.

ಮುಂದಿನ ಆಕ್ಸಲಿನ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿತ್ತು. ಸವೆದ ಸೀಲಿನ ಮೂಲಕ ಕೆಸರುಗದ್ದೆಯ ನೀರು ಒಳಸೇರಿತ್ತು. ಎಣ್ಣೆ ಬಸಿದು, ಗಿಯರುಗಳನ್ನು ತೊಳೆದು, ಹೊಸ ಸೀಲನ್ನು ನಾನೇ ಕೂರಿಸಿದೆ. ಬೆಳಗಾಗುವಾಗ ನೆಲದಲ್ಲಿ ಎಣ್ಣೆಯ ಹೊಂಡ! ಸೀಲಿನ ಸ್ಪ್ರಿಂಗ್ ಇರುವ ಮಗ್ಗುಲು ಎಣ್ಣೆಯ ಕಡೆಗಿರಬೇಕು, ನಾನು ತಿರುಗಾಮುರುಗಾ ಹಾಕಿದ್ದೆ. ಮಗ ನಗಲಿಲ್ಲ. "ಪಪ್ಪಾ, ಇನ್ನೊಂದು ಸೀಲ್ ತರಲೇ?" ಎಂದಷ್ಟೇ ಕೇಳಿದ. ಅವನ ಗಣಿತದ ಅಂಕಪಟ್ಟಿಯ ಮುಂದೆ ನಾನು ತೋರಿದ ಕೋಪ ಆಗ ನೆನಪಾಗಿ ನಾಚಿಕೆಯಾಯಿತು.

ಕ್ಲಚ್ಚಿನ ಕತೆ ಬೇರೆ. ಪೆಡಲ್ ಒತ್ತಿದರೂ ಗಿಯರ್ ಕರಕರ ಅನ್ನುತ್ತಿತ್ತು. ತೇವದಲ್ಲಿ ನಿಂತು ಕ್ಲಚ್ ಪ್ಲೇಟು ತುಕ್ಕುಹಿಡಿದು ಫ್ಲೈವೀಲಿಗೆ ಅಂಟಿಕೊಂಡಿತ್ತು. ಗಿಯರಿನಲ್ಲಿಟ್ಟು ಸ್ಟಾರ್ಟ್ ಮಾಡಿ ಜಗ್ಗಿದರೆ ಬಿಡುತ್ತದೆ ಎಂದು ಹಲವರು ಸಲಹೆಯಿತ್ತರು. ಹಾಗೆ ಮಾಡಿದರೆ ಯಂತ್ರ ಎದುರಿದ್ದವರ ಮೇಲೆ ನುಗ್ಗಬಹುದು. ಟ್ರ್ಯಾಕ್ಟರನ್ನು ನಡುವೆ ಎರಡಾಗಿ ಬಿಡಿಸುವ ಆ ಕೆಲಸಕ್ಕೆ ಅನುಭವಿ ಮೆಕ್ಯಾನಿಕರನ್ನೇ ಕರೆದೆವು. ನಾವು ಆಧಾರ ಕೊಟ್ಟು, ಸ್ಪ್ಯಾನರ್ ನೀಡಿ ಕಲಿತೆವು. ದೀರ್ಘಕಾಲ ನಿಲ್ಲಿಸುವುದಾದರೆ ಪೆಡಲನ್ನು ಒತ್ತಿ ಮರದ ತುಂಡಿನಿಂದ ಹಿಡಿಸಿಡಬೇಕೆಂದು ಅವರು ಹೇಳಿಕೊಟ್ಟರು.

ಇನ್ನು ಹೇಳಲೇಬೇಕಾದ ಸಂಗತಿಗೆ ಬರುತ್ತೇನೆ. ಮೇ ತಿಂಗಳ ಒಂದು ಸಂಜೆ ಹಿಂಬದಿಯ ರೋಟವೇಟರನ್ನು ಮೇಲಕ್ಕೆತ್ತಿ ಎಂಜಿನ್ ನಿಲ್ಲಿಸಿ, ಅದರ ಅಲಗುಗಳಿಗೆ ಸುತ್ತಿದ್ದ ತೆಂಗಿನ ಹಗ್ಗವನ್ನು ಕತ್ತರಿಸಲು ಅಡಿಗೆ ಕೈಚಾಚಿ ಮಲಗಿದ್ದೆ. ಎಂಜಿನ್ ನಿಂತಿದೆಯಲ್ಲ, ಭಯವೇನೆಂಬ ಧೈರ್ಯ. ಚಹಾ ತಂದ ಪತ್ನಿ ಲೋಟವನ್ನು ಕೆಳಗಿಟ್ಟು, ಸೌದೆ ರಾಶಿಯಿಂದ ದಪ್ಪನೆಯ ಹಲಸಿನ ಕೊರಡೊಂದನ್ನು ಉರುಳಿಸಿ ತಂದು ರೋಟವೇಟರಿನ ಅಡಿಗೆ ನೂಕಿದಳು. "ಎತ್ತಿಟ್ಟದ್ದು ಒಂದಲ್ಲ ಒಂದು ಹೊತ್ತು ಇಳಿಯಲೇಬೇಕಲ್ಲವೇ? ಇದು ಇರಲಿ" ಎಂದಳು. ನನಗೆ ತುಸು ಸಿಟ್ಟೇ ಬಂದಿತ್ತು. ಎರಡು ನಿಮಿಷ ಕಳೆದಿರಲಿಲ್ಲ, ಸೀಟಿನ ಮೇಲೆ ಹತ್ತಿದ ಮಗನ ಮೊಣಕಾಲು ಹೈಡ್ರಾಲಿಕ್ ಲಿವರಿಗೆ ತಾಗಿತು. ಅಷ್ಟೂ ಭಾರದ ಕಬ್ಬಿಣ ಒಮ್ಮೆಗೇ ಕೆಳಗಿಳಿದು ಕೊರಡಿನ ಮೇಲೆ ಕೂತಿತು. ರೋಟವೇಟರಿಗೂ ನೆಲಕ್ಕೂ ನಡುವಿನ ಗೇಣಗಲದ ಸಂದಿಯಲ್ಲಿ ನನ್ನ ತೋಳಿತ್ತು.

ಅಂದು ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಮಗ ನನ್ನ ತೋಳನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದ. ತಪ್ಪು ಅವನದಲ್ಲ, ನನ್ನದೆಂದು ಅವನಿಗೆ ಹೇಳಿದೆ. ಎಂಜಿನ್ ನಿಂತಿದ್ದರೂ ಲಿವರ್ ತಾಗಿದರೆ ಎತ್ತಿದ ಭಾರ ಇಳಿಯುತ್ತದೆ. ಆದುದರಿಂದ ಭಾರವನ್ನು ಮೊದಲು ನೆಲಕ್ಕಿಳಿಸಬೇಕು. ಎತ್ತಿಯೇ ಕೆಲಸ ಮಾಡಬೇಕಾದರೆ ಗಟ್ಟಿಯಾದ ಆಧಾರ ಕೊಡಬೇಕು, ಸೀಟಿನ ಬಳಿ ಯಾರೂ ಇರಕೂಡದು. ಜ್ಯಾಕ್ ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲಿಸುವುದಕ್ಕಲ್ಲ. ತಿರುಗುವ ಶಾಫ್ಟಿನ ಬಳಿ ಲುಂಗಿ, ಶಾಲು, ಸೀರೆಯ ಸೆರಗು ಸುಳಿಯಬಾರದು. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ತೆರೆಯಬಾರದು.

ಪೋಪ್ ಎರಡನೆಯ ಜಾನ್ ಪೌಲರು ಶ್ರಮದ ಕುರಿತು 1981ರಲ್ಲಿ ಪ್ರಕಟಿಸಿದ ವಿಶ್ವಪತ್ರದಲ್ಲಿ, ಯಂತ್ರವಿದ್ಯೆ ಮನುಷ್ಯನ ಮಿತ್ರನೆಂದೂ, ಕೆಲವೊಮ್ಮೆ ಅದೇ ಶತ್ರುವಿನಂತೆ ಆಗಬಹುದೆಂದೂ ಎಚ್ಚರಿಸಿದ್ದಾರೆ. ಅವರು ಹೇಳಿದ್ದು ಇದಕ್ಕಿಂತ ವಿಶಾಲವಾದ ಅರ್ಥದಲ್ಲಿ. ಆದರೂ ಆ ಮಾತು ನನಗೆ ತಿಳಿದದ್ದು ಆ ಕೊರಡಿನ ಬಳಿಯಲ್ಲಿ. ಮೇ 15ರಂದು ಧರ್ಮಸಭೆ ಸ್ಮರಿಸುವ ಕೃಷಿಕ ಸಂತ ಇಸಿದೋರರು ಮ್ಯಾಡ್ರಿಡ್ಡಿನ ಜಮೀನ್ದಾರನೊಬ್ಬನ ಹೊಲದಲ್ಲಿ ದುಡಿದ ಕೂಲಿಯಾಳು. 1622ರಲ್ಲಿ ಸಂತ ಇಗ್ನಾಸಿಯವರ ಹಾಗೂ ಸಂತ ಫ್ರಾನ್ಸಿಸ್ ಝೇವಿಯರರ ಜೊತೆಯಲ್ಲೇ ಅವರಿಗೂ ಸಂತಪದವಿ ದೊರೆಯಿತು. ಅವರು ಪ್ರಾರ್ಥನೆಯಲ್ಲಿದ್ದಾಗ ದೇವದೂತರು ಹೊಲ ಉತ್ತರೆಂದು ಐತಿಹ್ಯ ಹೇಳುತ್ತದೆ. ನಮ್ಮ ಡೀಸೆಲ್ ಕೊಳವೆಯ ಗಾಳಿಯನ್ನು ತೆಗೆಯಲು ಯಾವ ದೂತರೂ ಬರಲಿಲ್ಲ. ಆದರೆ ಕೊರಡು ಉರುಳಿಸಲು ಬಂದವರು ಯಾರೆಂದು ನಾನು ಆಮೇಲೆ ಬಹಳ ಯೋಚಿಸಿದ್ದೇನೆ.

ಧರ್ಮಸಭೆಯ ಆಶೀರ್ವಚನ ಗ್ರಂಥದಲ್ಲಿ ದುಡಿಮೆಯ ಉಪಕರಣಗಳಿಗೂ ಒಂದು ವಿಧಿಯಿದೆ. ಜೂನ್ ಮೊದಲ ವಾರ ನಮ್ಮ ಧರ್ಮಗುರುಗಳು ಅಂಗಳಕ್ಕೆ ಬಂದು ಯಂತ್ರವನ್ನು ಆಶೀರ್ವದಿಸಿದರು. ಮರುದಿನವೇ ಬೈಲಿಗಿಳಿದೆವು. ನೇಜಿ ಹಸಿರಾಗಿರುವಾಗಲೇ ನಾಟಿ ಮುಗಿಯಿತು. ಪ್ರತಿ ಸಂಜೆ ಚಕ್ರದ ಕೆಸರು ತೊಳೆದು, ಗ್ರೀಸ್ ಹಾಕಿ, ಎಣ್ಣೆಯ ಬಣ್ಣ ನೋಡುವ ಕೆಲಸ ಮಗನದು. ನಮ್ಮದು ಮುಗಿದ ಬಳಿಕ ವಾಳೆಯ ವಿಧವೆ ಬಾಯಿಯೊಬ್ಬರ ಗದ್ದೆಯನ್ನೂ ಉತ್ತುಕೊಟ್ಟೆವು.

ಮೊಂತಿ ಫೆಸ್ತಿನಂದು, ಸೆಪ್ಟೆಂಬರ್ 8ರಂದು, ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದೆವು. ಹೊಸ ಅಕ್ಕಿಯ ಕಾಳುಗಳನ್ನು ಹಾಲಿಗೆ ಹಾಕಿ ಎಲ್ಲರಿಗೂ ಹಂಚಿದವಳು ನನ್ನ ಪತ್ನಿ. ಲೋಟವನ್ನು ಚಾಚಿದ ನನ್ನ ಬಲಗೈಯನ್ನು ಅವಳು ಒಂದು ಗಳಿಗೆ ಹೆಚ್ಚೇ ನೋಡಿದಳು.

ಹಳೆಯ ಯಂತ್ರವನ್ನು ಮನೆಯಲ್ಲೇ ರಿಪೇರಿ ಮಾಡಬಯಸುವ ಬಾಂಧವರು ಧೈರ್ಯವಾಗಿ ಮಾಡಿ, ಮಕ್ಕಳನ್ನೂ ಜೊತೆಗೆ ಸೇರಿಸಿಕೊಳ್ಳಿ. ಆದರೆ ಸ್ಪ್ಯಾನರ್ ಕೊಳ್ಳುವ ಮೊದಲೇ ಗಟ್ಟಿಯಾದ ಎರಡು ಕೊರಡುಗಳನ್ನು ಸಿದ್ಧಮಾಡಿಕೊಳ್ಳಿ. ನಮ್ಮ ಹಲಸಿನ ಕೊರಡು ಇನ್ನೂ ಸೌದೆಯಾಗಿಲ್ಲ, ಟ್ರ್ಯಾಕ್ಟರಿನ ಪಕ್ಕದಲ್ಲೇ ಇದೆ.