ಟಗ್ಗಿನ ತಳ ನೋಡುವ ದಿನ

ಟೊರೊಂಟೊ ಪೇಟೆಯ ದಡದಿಂದ ಎದುರಿನ ದ್ವೀಪಗಳಿಗೆ ಫೆರಿಯಲ್ಲಿ ಹೋದರೆ ಕಾಲು ಗಂಟೆಯ ಹಾದಿ. ಆದರೆ ಜನವರಿಯ ಚಳಿಗೆ ಆ ನೀರು ಹೆಪ್ಪುಗಟ್ಟಿತೆಂದರೆ, ಅಲ್ಲಿ ವರ್ಷವಿಡೀ ವಾಸಿಸುವ ಮನೆಯವರಿಗೆ ಪೇಟೆ ಬಹಳ ದೂರವಾಗುತ್ತದೆ. 'ಒಂಗಿಯಾರಾ' ಫೆರಿ ಆಗಲೂ ಓಡಬೇಕಾದರೆ ಯಾರಾದರೂ ಮುಂಚಿತವಾಗಿ ಹೋಗಿ ಮಂಜುಗಡ್ಡೆ ಒಡೆದಿರಬೇಕು. ಆ ಕೆಲಸ ಬಂದರಿನ ಟಗ್‌ನದು. ಡಾನ್ ನದಿ ಹೊತ್ತು ತಂದು ಕೀಟಿಂಗ್ ಚಾನೆಲ್‌ಗೆ ಸುರಿಯುವ ಹೂಳನ್ನು ತೆಗೆಯುವಾಗ ಬಾರ್ಜ್‌ಗಳನ್ನು ಎಳೆಯುವುದೂ ಅದೇ.

ಈ ಕೆಲಸವನ್ನು 1961ರಿಂದ ಮಾಡಿಕೊಂಡು ಬಂದದ್ದು 'ವಿಲಿಯಂ ರೆಸ್ಟ್' ಎಂಬ ಟಗ್. ಅದರ ಜಾಗಕ್ಕೆ 'ಐರನ್ ಗಪ್ಪಿ' ಬಂದದ್ದು 2016ರಲ್ಲಿ. ಸದಾ ನೀರಿನಲ್ಲೇ ನಿಂತ ಉಕ್ಕು ಅರ್ಧ ಶತಮಾನ ದಾಟಿಯೂ ದುಡಿಯಿತು ಎಂದರೆ ಅದಕ್ಕೆ ಟೊರೊಂಟೊ ದಡದ ಸರೋವರದ ಸಿಹಿನೀರು ಒಂದು ಕಾರಣ; ಉಪ್ಪುನೀರಿನಷ್ಟು ಬೇಗ ಅದು ಉಕ್ಕನ್ನು ತಿನ್ನುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ, ಇಂಥ ಟಗ್‌ಗಳನ್ನು ಕೆಲವು ವರ್ಷಗಳಿಗೊಮ್ಮೆ ನೀರಿನಿಂದ ಮೇಲಕ್ಕೆತ್ತಿ ತಳ ನೋಡುವ ಪದ್ಧತಿ.

ಟೊರೊಂಟೊದಲ್ಲಿ ಹಾಗೆ ಎತ್ತುವ ಡಾಕ್‌ನ ಕಥೆಯೇ ಸ್ವಾರಸ್ಯದ್ದು. 'ಮೆನಿಯರ್ ಕನ್ಸಾಲ್' 1962ರಲ್ಲಿ ಕ್ವಿಬೆಕ್‌ನ ಲೋಜೊನ್‌ನಲ್ಲಿ ಕಟ್ಟಿದ ಹಡಗು. ಕಾಗದದ ಕಾರ್ಖಾನೆಗಳಿಗೆ ಮರ ಸಾಗಿಸುತ್ತಿತ್ತು. ಆ ವ್ಯಾಪಾರ ಮುಗಿದ ಮೇಲೆ, 1980ರ ದಶಕದಲ್ಲಿ, ಅದನ್ನು ತೇಲುವ ಡ್ರೈ ಡಾಕ್ ಆಗಿ ಮಾರ್ಪಡಿಸಿದರು. ಮರ ಹೊತ್ತ ಹಡಗು ಹಡಗುಗಳನ್ನೇ ಹೊರತೊಡಗಿತು. ಗುಜರಿಗೆ ಹಾಕದೆ ಹೀಗೆ ಇನ್ನೊಂದು ಆಯುಷ್ಯ ಕೊಟ್ಟವರ ಬುದ್ಧಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ತೇಲುವ ಡಾಕ್ ಕೆಲಸ ಮಾಡುವುದು ಹೀಗೆ. ಅದರ ಟ್ಯಾಂಕ್‌ಗಳಿಗೆ ನೀರು ಬಿಟ್ಟರೆ ಡಾಕ್ ಮುಳುಗುತ್ತದೆ. ಟಗ್ ಒಳಗೆ ಬಂದು ನಡುಗೆರೆಗೆ ಸರಿಯಾಗಿ ನಿಲ್ಲುತ್ತದೆ. ಪಂಪುಗಳು ನೀರು ಹೊರಹಾಕಿದಂತೆ ಡಾಕ್ ಟಗ್ ಸಮೇತ ಮೇಲೇಳುತ್ತದೆ. ಕೇಳಲು ಸುಲಭ, ಆದರೆ ಟಗ್‌ನ ತಳ ಸಪಾಟಲ್ಲ. ದೊಡ್ಡ ಪ್ರೊಪೆಲ್ಲರ್‌ಗೆ ನೀರಿನ ಆಳ ಬೇಕಾದ್ದರಿಂದ ಹಳೆಯ ಟಗ್‌ಗಳ ಹಿಂಭಾಗ ಹೆಚ್ಚು ಆಳಕ್ಕಿಳಿದಿರುತ್ತದೆ. ಅದಕ್ಕೆ ತಕ್ಕಂತೆ ಮರದ ದಿಮ್ಮಿಗಳನ್ನು ಬೇರೆ ಬೇರೆ ಎತ್ತರಕ್ಕೆ ಮೊದಲೇ ಜೋಡಿಸಿರಬೇಕು. ಹಿಂಭಾಗ ದಿಮ್ಮಿಗೆ ತಾಗಿ, ಮುಂಭಾಗ ಇನ್ನೂ ತೇಲುತ್ತಿರುವ ಹೊತ್ತು ಎಲ್ಲಕ್ಕಿಂತ ಅಪಾಯದ್ದು. ತೇಲುವ ಬಲ ಕಡಿಮೆಯಾಗುತ್ತಾ ಬಂದು ಟಗ್ ಪಕ್ಕಕ್ಕೆ ವಾಲಬಹುದು. ಆದ್ದರಿಂದ ಟಗ್‌ನ ಇಂಧನ, ನೀರಿನ ಟ್ಯಾಂಕ್‌ಗಳನ್ನು ಅರೆಬರೆ ತುಂಬಿಸಿಡುವುದಿಲ್ಲ. ಒಳಗಿನ ದ್ರವ ಅತ್ತಿತ್ತ ಓಡಿದರೆ ವಾಲಿಕೆ ಹೆಚ್ಚುತ್ತದೆ.

ನೀರು ಇಳಿದ ಮೇಲೆ ಎಲ್ಲವೂ ಬಯಲು. ಪಾಚಿ, ಕೆಸರು, ಅವುಗಳ ನಡುವೆ ಉಗುರುಗಾತ್ರದ ಪಟ್ಟೆಪಟ್ಟೆ ಚಿಪ್ಪುಗಳು. ನಮ್ಮ ಕರಾವಳಿಯ ಪಚ್ಚಿಲೆಯನ್ನು ಹೋಲುವ ಈ ಜೀಬ್ರಾ ಮಸ್ಸೆಲ್‌ಗಳು ಇಲ್ಲಿಯವಲ್ಲ; ಸಾಗರದಾಚೆಯಿಂದ ಬಂದ ಹಡಗುಗಳ ಬ್ಯಾಲಸ್ಟ್ ನೀರಿನಲ್ಲಿ ಬಂದು, 1988ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಪತ್ತೆಯಾಗಿ, ಮಹಾಸರೋವರಗಳಿಗೆಲ್ಲ ಹಬ್ಬಿದವು. ಎಂಜಿನ್ ತಂಪು ಮಾಡಲು ನೀರೆಳೆಯುವ ಜಾಲರಿಗಳಲ್ಲಿ ಇವು ಕೂತರೆ ಎಂಜಿನ್ ಬಿಸಿಯೇರುತ್ತದೆ.

ಒತ್ತಡದ ನೀರಿನಿಂದ ತೊಳೆದ ಮೇಲೆ ಪರೀಕ್ಷೆ. ಅನುಭವಿಗಳು ಸುತ್ತಿಗೆಯಿಂದ ತಗಡನ್ನು, ಹಲಸಿನಹಣ್ಣು ತಟ್ಟಿ ನೋಡುವ ಹಾಗೆ, ತಟ್ಟುತ್ತಾ ಹೋಗುತ್ತಾರೆ. ಸದ್ದು ಮಂಕಾದರೆ ಅನುಮಾನ. ಅಲ್ಟ್ರಾಸೌಂಡ್ ಉಪಕರಣ ದಪ್ಪವನ್ನು ಅಳೆದು ಹೇಳುತ್ತದೆ. ಸವೆದ ತಗಡನ್ನು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡುತ್ತಾರೆ. ಮಂಜುಗಡ್ಡೆ ಉಜ್ಜಿದ ನೀರ್ಮಟ್ಟದ ಪಟ್ಟಿಯಲ್ಲಿ ಬಣ್ಣ ಹೋಗಿ ಉಕ್ಕು ಬತ್ತಲಾಗಿರುತ್ತದೆ. ಚುಕ್ಕಾಣಿ ಎಷ್ಟು ಸಡಿಲವಾಗಿದೆ, ಪ್ರೊಪೆಲ್ಲರ್ ದಂಡದ ಬೇರಿಂಗ್ ಎಷ್ಟು ಸವೆದಿದೆ ಎಂದು ಅಳೆಯುವ ಅವಕಾಶವೂ ಆಗಲೇ. ತಳಕ್ಕೆ ಅಂಟಿಸಿದ ಆನೋಡ್ ಗಟ್ಟಿಗಳನ್ನು ಬದಲಿಸುತ್ತಾರೆ. ಉಕ್ಕಿನ ಬದಲು ತಾವು ಕರಗಿ ಹೋಗುವುದೇ ಅವುಗಳ ಕೆಲಸ. ಸಮುದ್ರದಲ್ಲಿ ಅದಕ್ಕೆ ಸತು ಸಾಕು. ಸಿಹಿನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯದ ಕಾರಣ ಮೆಗ್ನೀಷಿಯಂ ಬೇಕು.

ಮಲ್ಪೆ ಬಂದರನ್ನು ಬಲ್ಲವರಿಗೆ ಈ ಚಿತ್ರ ಹೊಸದಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳ ದುರಸ್ತಿ, ಬಣ್ಣ ಎಲ್ಲಕ್ಕೂ ಅದೇ ಬಿಡುವು. ಟೊರೊಂಟೊದ ವಿಹಾರದೋಣಿಗಳಿಗೂ ಚಳಿಗಾಲವಿಡೀ ದಡದಲ್ಲಿ ವಿಶ್ರಾಂತಿಯಿದೆ. ಟಗ್‌ಗೆ ಮಾತ್ರ ಆ ಭಾಗ್ಯವಿಲ್ಲ. ಬೇರೆಯವರು ದಡ ಸೇರಿದಾಗಲೇ ಅದಕ್ಕೆ ಕೆಲಸ ಹೆಚ್ಚು. ಕೊರೆಯುವ ಚಳಿಯಲ್ಲಿ ಎಪಾಕ್ಸಿ ಬಣ್ಣ ಸರಿಯಾಗಿ ಗಟ್ಟಿಯಾಗುವುದೂ ಇಲ್ಲ. ಹೂಳಿನ ಕೆಲಸ, ಮಂಜಿನ ಕೆಲಸಗಳ ನಡುವೆ ಸಿಗುವ ಕೆಲವೇ ವಾರಗಳಲ್ಲಿ ಎಲ್ಲ ಮುಗಿಯಬೇಕು.

ಕೆನಡಾಕ್ಕೂ ಮಲ್ಪೆಗೂ ಈಗ ಇನ್ನೊಂದು ನಂಟಿದೆ. ಮಲ್ಪೆಯ ಹಿಂದಿನ ಟೆಬ್ಮಾ ಶಿಪ್‌ಯಾರ್ಡ್ ಇಂದು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್. ಅಲ್ಲಿ ಕಟ್ಟಿ 2024ರಲ್ಲಿ ಹಸ್ತಾಂತರಿಸಿದ 'ಓಷನ್ ಗ್ರೇಸ್' 33 ಮೀಟರ್ ಉದ್ದದ, 62 ಟನ್ ಎಳೆಯುವ ಬಲದ ಟಗ್. ಅದರ ವಿನ್ಯಾಸ ಕೆನಡಾದ ವ್ಯಾಂಕೂವರ್‌ನ ರಾಬರ್ಟ್ ಅಲನ್ ಸಂಸ್ಥೆಯದು. ಹೊಸ ಟಗ್ ನೀರಿಗಿಳಿದಾಗ ಹಾರ, ಭಾಷಣ, ಫೋಟೊ ಎಲ್ಲ ಇರುತ್ತವೆ. ಮುಂದೆ ಅದರ ತಳ ತೊಳೆದು ಸವೆತ ಅಳೆಯುವವರ ಫೋಟೊವನ್ನು ಯಾರೂ ತೆಗೆಯುವುದಿಲ್ಲ. ಖರ್ಚು ತಗ್ಗಿಸಲು ಹೊರಟವರ ಕಣ್ಣು ಮೊದಲು ಬೀಳುವುದೂ ಈ ಕೆಲಸದ ಮೇಲೆಯೇ. ಇದು ತಪ್ಪು ಲೆಕ್ಕ. ಒಂದು ಸಲ ಮುಂದೂಡಿದ ತಗಡಿನ ದುರಸ್ತಿಗೆ ನಡುಸರೋವರದಲ್ಲಿ ತೆರುವ ಬೆಲೆ ಬೇರೆ.

ಡಾಕ್‌ನವರಿಗೆ ಇದು ಗೊತ್ತು. ಎಲ್ಲ ಮುಗಿದು ಡಾಕ್ ಮತ್ತೆ ಮುಳುಗುವಾಗಲೂ ಅವರು ಅವಸರ ಮಾಡುವುದಿಲ್ಲ. ನೀರು ತಳವನ್ನು ಮುಚ್ಚುತ್ತಿದ್ದಂತೆ ಡಾಕ್‌ನ ಟ್ಯಾಂಕ್‌ಗಳಿಗೆ ನೀರು ಬಿಡುವುದನ್ನು ನಿಲ್ಲಿಸಿ, ಟಾರ್ಚ್ ಹಿಡಿದು ಎಂಜಿನ್ ಕೋಣೆಗೆ ಇಳಿಯುತ್ತಾರೆ. ಕವಾಟ, ವೆಲ್ಡ್ ಮಾಡಿದ ಅಂಚು, ಪ್ರೊಪೆಲ್ಲರ್ ದಂಡದ ಸೀಲು, ಒಂದೊಂದನ್ನೂ ನೋಡುತ್ತಾರೆ. ಎಲ್ಲಿಯಾದರೂ ಬೇಡದ ನೀರು ಒಸರಿದರೆ ಟಗ್ ಹೊರಡುವಂತಿಲ್ಲ. ಡಾಕ್ ಮತ್ತೆ ಮೇಲೇಳಬೇಕು.