ಹಳೇ ಮೋಟಾರ್ ದೋಣಿಗೆ ಸಾಲ ಕೊಡುವ ಮುಂಚೆ: ನೀರು ಎಲ್ಲಿಂದ ಒಳಗೆ ಬರ್ತಿದೆ?



ಸಂಘದಲ್ಲಿ ಯಾರಾದರೂ ಹಸು ತಗೊಳ್ಳೋಕೆ ಸಾಲ ಕೇಳಿದರೆ ನಾವು ಏನು ಮಾಡ್ತೀವಿ? ಹಲ್ಲು ನೋಡ್ತೀವಿ, ಕೆಚ್ಚಲು ಮುಟ್ಟಿ ನೋಡ್ತೀವಿ, ಎರಡು ಹೊತ್ತು ಹಾಲು ಕರೆಸಿ ನೋಡ್ತೀವಿ. ಆಮೇಲೆ ತಾನೇ ದುಡ್ಡಿನ ಮಾತು? ಅದೇ ಹಳೇ ದೋಣಿ ತಗೊಳ್ಳೋಕೆ ಸಾಲ ಬೇಕು ಅಂದರೆ, "ಯಜಮಾನರು ನೋಡ್ಕೊಂಡು ಬಂದವ್ರೆ, ಚೆನ್ನಾಗದಂತೆ" ಅನ್ನೋ ಒಂದೇ ಮಾತಿನ ಮೇಲೆ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಬಿಡ್ತೀವಿ. ದೋಣಿ ವಿಷಯ ಗಂಡಸರದ್ದು ಅನ್ನೋ ಭಾವನೆ. ಆದರೆ ಸಾಲ ಸಂಘದ್ದು, ಕಂತು ಕಟ್ಟೋದು ನಾವು, ಆ ದೋಣಿಯಲ್ಲಿ ನೀರಿಗೆ ಹೋಗೋರು ನಮ್ಮ ಗಂಡ, ನಮ್ಮ ಮಕ್ಕಳು. ಆದ್ದರಿಂದ ದೋಣಿ ಸೋರುತ್ತಾ, ಎಲ್ಲಿ ಸೋರುತ್ತೆ ಅಂತ ಕಂಡುಹಿಡಿಯೋ ವಿದ್ಯೆ ನಮಗೂ ಗೊತ್ತಿರಬೇಕು. ಇದಕ್ಕೆ ದೊಡ್ಡ ಓದು ಬೇಕಿಲ್ಲ.

ಹಾರನಹಳ್ಳಿ ಕಡೆಯ ಅಕ್ಕಂದಿರು "ಹೊಗೆಸೊಪ್ಪು, ಜೋಳ ಬೆಳೆಯೋ ನಮಗೆ ದೋಣಿ ಯಾಕವ್ವ?" ಅಂತ ಕೇಳಬಹುದು. ಆದರೆ ನಮ್ಮ ಸೀಮೆಯ ನೀರನ್ನು ಒಮ್ಮೆ ಲೆಕ್ಕ ಹಾಕಿ. ಪಿರಿಯಾಪಟ್ಟಣದ ಅಂಚಿನಲ್ಲಿ ಕಾವೇರಿ, ಹುಣಸೂರಿನಲ್ಲಿ ಲಕ್ಷ್ಮಣತೀರ್ಥ, ಕೆ.ಆರ್. ನಗರದ ಕಡೆ ಕೃಷ್ಣರಾಜಸಾಗರದ ಹಿನ್ನೀರು, ಎಚ್.ಡಿ. ಕೋಟೆ, ಸರಗೂರು ಕಡೆ ಕಬಿನಿ, ನುಗು, ತಾರಕ, ಹೆಬ್ಬಳ್ಳ ಅಂತ ನಾಲ್ಕು ಜಲಾಶಯ. ಇದರ ಜೊತೆಗೆ ಊರೂರಿನ ಕೆರೆ. ಮೀನು ಹಿಡಿಯೋ ಮನೆಗಳಲ್ಲಿ ಇರೋದು ಹೆಚ್ಚಾಗಿ ಹರಿಗೋಲು. ಯಾರೋ ಬಳಸಿ ಬಿಟ್ಟ ಫೈಬರ್ ಬೋಟು, ಮೋಟಾರ್ ಸಮೇತ, ಹೊಸದರ ಬೆಲೆಯಲ್ಲಿ ಅರ್ಧಕ್ಕೋ ಕಾಲುಭಾಗಕ್ಕೋ ಸಿಗುತ್ತೆ ಅಂದಾಗ ಆಸೆ ಹುಟ್ಟೋದು ಸಹಜ. ತಪ್ಪೇನಿಲ್ಲ. ನೋಡಿ ತಗೊಳ್ಳಬೇಕು ಅಷ್ಟೆ.

ನಮ್ಮ ಕಡೆ ದೋಣಿಗಳು ಸೋರೋದಕ್ಕೆ ಒಂದು ಸ್ಥಳೀಯ ಕಾರಣವೂ ಇದೆ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ನೀರು ನಿಂತಾಗ ಕಾಡಿನ ಮರಗಳೂ ಮುಳುಗಿದವು. ಅವುಗಳ ಒಣ ಬೊಡ್ಡೆಗಳು ಇವತ್ತಿಗೂ ಹಿನ್ನೀರಿನಲ್ಲಿ ನಿಂತಿವೆ. ನೀರು ತುಂಬಿದಾಗ ಕಾಣೋದಿಲ್ಲ, ಬೇಸಿಗೆಯಲ್ಲಿ ನೀರು ಇಳಿದಾಗ ತಲೆ ಎತ್ತುತ್ತವೆ. ದೋಣಿಯ ಹೊಟ್ಟೆ ಅದಕ್ಕೆ ಉಜ್ಜಿಕೊಂಡು ಹೋಗುತ್ತೆ. ದಡ ದೂರ ಸರಿದ ಮೇಲೆ ಕಲ್ಲು, ಗರಸಿನ ಮೇಲೆ ದೋಣಿಯನ್ನು ಎಳೆದು ತರಬೇಕು. ಅದರಿಂದ ಮೂತಿ ಮತ್ತು ತಳದ ನಡು ಗೆರೆ ಮೊದಲು ಸವೆಯುತ್ತೆ.

ಸ್ವಲ್ಪ ನೀರು ಬಂದರೆ ಏನಾಯ್ತು?

"ಸ್ವಲ್ಪ ಒಸರುತ್ತೆ, ಚೊಂಬಲ್ಲಿ ಎತ್ತಿ ಹಾಕಿದ್ರೆ ಆಯ್ತು" ಅಂತ ಮಾರೋರು ಹೇಳ್ತಾರೆ. ಈ 'ಸ್ವಲ್ಪ'ವನ್ನು ಅಳೆದು ನೋಡೋಣ. ಗಂಟೆಗೆ ಒಂದು ಕೊಡ, ಅಂದರೆ 15 ಲೀಟರ್ ನೀರು ಒಳಗೆ ಬರುತ್ತೆ ಅಂದುಕೊಳ್ಳಿ. ಐದು ಗಂಟೆಗೆ 75 ಲೀಟರ್. ಒಂದು ಲೀಟರ್ ನೀರು ಒಂದು ಕೆ.ಜಿ. ಹಾಗಾದರೆ 75 ಕೆ.ಜಿ. ತೂಕದ ಒಬ್ಬ ಆಳು ಹೆಚ್ಚಿಗೆ ಹತ್ತಿದ ಹಾಗಾಯ್ತು. ಮನುಷ್ಯನಾದರೆ ಹೇಳಿದ ಕಡೆ ಕೂರ್ತಾನೆ. ಈ ನೀರಿನ ಆಳು ಹಾಗಲ್ಲ, ದೋಣಿ ಯಾವ ಕಡೆ ವಾಲಿದರೆ ಆ ಕಡೆಗೇ ಓಡಿ ಇನ್ನಷ್ಟು ವಾಲಿಸ್ತಾನೆ. ಬಲೆ ಎಳೆಯೋಕೆ ಇಬ್ಬರು ಒಂದೇ ಬದಿಗೆ ಬಗ್ಗಿದಾಗ ದೋಣಿ ಮಗುಚೋದು ಹೀಗೇ. ತೂತಿನಿಂದ ತುಂಬಿ ಮುಳುಗೋದಕ್ಕೆ ಮೊದಲೇ ಮಗುಚಿಬಿಡುತ್ತೆ.

ಭಾರದ ವಿಷಯದಲ್ಲಿ ಪಕ್ಕದ ಕೇರಳದ ಒಂದು ದುರಂತವನ್ನು ಮರೆಯಬಾರದು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿಗರ ಬೋಟು ಮಗುಚಿ 22 ಜನ ತೀರಿಕೊಂಡರು. ಅದು ಮೀನು ಹಿಡಿಯೋ ದೋಣಿಯನ್ನು ಬದಲಾಯಿಸಿ ಮಾಡಿದ ಬೋಟು, ಮೇಲೆ ಮಿತಿಗಿಂತ ಹೆಚ್ಚು ಜನ. ಅಲ್ಲಿ ಕಾರಣ ಸೋರಿಕೆ ಅಲ್ಲ ನಿಜ. ಆದರೆ ಒಂದು ಕೆಲಸಕ್ಕೆ ಕಟ್ಟಿದ ಹಳೇ ದೋಣಿಯನ್ನು ಇನ್ನೊಂದು ಕೆಲಸಕ್ಕೆ ಇಳಿಸುವಾಗ ಅದು ಎಷ್ಟು ಭಾರ ತಡೆಯುತ್ತೆ ಅಂತ ಕೇಳೋರು ಇರಬೇಕು.

ನೀರು ನಿಂತ ಜಾಗ ಬೇರೆ, ಬರುವ ಜಾಗ ಬೇರೆ

ಹಂಚಿನ ಮನೆಯಲ್ಲಿ ಇದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹನಿ ಬೀಳೋದು ಒಲೆ ಮೇಲೆ, ಒಡೆದ ಹಂಚು ಇರೋದು ಎರಡು ಮೊಳ ಮೇಲಕ್ಕೆ. ನೀರು ರೀಪಿನ ಮೇಲೆ ಹರಿದುಕೊಂಡು ಬಂದು ತನಗೆ ಇಷ್ಟ ಬಂದ ಕಡೆ ಬೀಳುತ್ತೆ. ದೋಣಿಯಲ್ಲೂ ಅಷ್ಟೇ. ಮೋಟಾರಿನ ಭಾರಕ್ಕೆ ಹಿಂಭಾಗ ತಗ್ಗಿರುತ್ತೆ, ಎಲ್ಲಿಂದ ಬಂದ ನೀರೂ ಅಲ್ಲಿಗೇ ಬಂದು ನಿಲ್ಲುತ್ತೆ. ಅದನ್ನು ನೋಡಿ ಹಿಂದುಗಡೆ ಎಂ-ಸೀಲ್ ಮೆತ್ತೋರು ಬಹಳ ಜನ. ತೂತು ಮೂತಿಯಲ್ಲಿ ಆರಾಮಾಗಿ ಇರುತ್ತೆ.

ಅದಕ್ಕಿಂತ ಮೊದಲು, ಅದು ಸೋರಿಕೆಯ ನೀರೋ ಮಳೆ ನೀರೋ ಅಂತ ತಿಳಿಯಬೇಕು. ಕರಾವಳಿಯಲ್ಲಾದರೆ ಬೆರಳು ಅದ್ದಿ ನಾಲಿಗೆಗೆ ಇಟ್ಟರೆ ಸಾಕು, ಉಪ್ಪಾಗಿದ್ದರೆ ಕಡಲಿನದು, ಸಪ್ಪೆ ಆದರೆ ಮಳೆಯದು. ನಮ್ಮದು ಎರಡೂ ಸಿಹಿನೀರು, ಆ ಉಪಾಯ ನಡೆಯಲ್ಲ. ಆದ್ದರಿಂದ ದೋಣಿಯನ್ನು ಪೂರ್ತಿ ಒರೆಸಿ, ನೀರಿನಲ್ಲಿ ಕಟ್ಟಿ, ಮೇಲೆ ಟಾರ್ಪಾಲ್ ಮುಚ್ಚಿ ರಾತ್ರಿ ಬಿಡಿ. ಬೆಳಿಗ್ಗೆ ಒಳಗೆ ನೀರು ಕಂಡರೆ ಅದು ಕೆಳಗಿನಿಂದಲೇ ಬಂದದ್ದು.

ದಡದ ಮೇಲೆ ನೋಡುವುದು

ದೋಣಿ ನೋಡೋಕೆ ಹೋಗುವಾಗ ಹಳೇ ಬಟ್ಟೆ, ಒಂದು ಐದು ರೂಪಾಯಿ ನಾಣ್ಯ, ಟಾರ್ಚು, ಸ್ವಲ್ಪ ರಂಗೋಲಿ ಪುಡಿ, ಅಳತೆಯ ಮಗ್ಗು ತಗೊಂಡು ಹೋಗಿ. ಮಾರೋರು ನಕ್ಕರೆ ನಗಲಿ. ಹೊಸದಾಗಿ ಬಣ್ಣ ಬಳಿದ ದೋಣಿ ಕಂಡರೆ ಇನ್ನೂ ಹುಷಾರಾಗಿ. ಮಾರಾಟಕ್ಕೆ ಮುಂಚೆ ಬಳಿದ ಬಣ್ಣ ಬಿರುಕು ಮುಚ್ಚೋಕೆ ಬಹಳ ಒಳ್ಳೇ ಸಾಮಾನು.

ಮೊದಲು ನೋಡಬೇಕಾದ್ದು ಬಿರಡೆ. ದೋಣಿಯೊಳಗಿನ ನೀರು ಬಸಿಯೋಕೆ ಹಿಂಭಾಗದ ತಳದಲ್ಲಿ ಒಂದು ತೂತು ಬಿಟ್ಟು ಬಿರಡೆ ಹಾಕಿರುತ್ತಾರೆ. ಅದರ ರಬ್ಬರ್ ವಾಷರ್ ಒಣಗಿ ಸೀಳಿರುತ್ತೆ, ಇಲ್ಲವೇ ಬಿರಡೆ ಕೂರೋ ಬಳೆಯ ಸ್ಕ್ರೂ ಸಡಿಲ ಆಗಿರುತ್ತೆ. ಸಾವಿರಾರು ರೂಪಾಯಿಯ ರಿಪೇರಿ ಅಂತ ಹೆದರಿಸಿದ ಸೋರಿಕೆ ಹತ್ತಿಪ್ಪತ್ತು ರೂಪಾಯಿಯ ವಾಷರಿನಲ್ಲಿ ಮುಗಿಯೋದೂ ಉಂಟು.

ಆಮೇಲೆ ಮೋಟಾರ್ ಕೂರಿಸುವ ಹಿಂಬದಿ ಹಲಗೆ. ಇದನ್ನು ನೋಡೋಕೆ ಜಾಸ್ತಿ ಹೊತ್ತು ಕೊಡಿ, ಯಾಕಂದರೆ ಹಳೇ ಫೈಬರ್ ಬೋಟಿನಲ್ಲಿ ದೊಡ್ಡ ಖರ್ಚು ಅಡಗಿರೋದು ಇಲ್ಲೇ. ಹೊರಗೆ ಫೈಬರ್ ಕಂಡರೂ ಒಳಗೆ ಹೆಚ್ಚಾಗಿ ಪ್ಲೈವುಡ್ ಇರುತ್ತೆ. ಮೋಟಾರಿನ ಬೋಲ್ಟು ತೂತಿನ ಸುತ್ತ ಮುಚ್ಚಿದ ಮೇಣ ಬಿಟ್ಟುಕೊಂಡರೆ ನೀರು ಪ್ಲೈವುಡ್ಡಿಗೆ ಇಳಿದು ಒಳಗೊಳಗೇ ಕೊಳೆಸುತ್ತೆ. ಹೊರಗಿನಿಂದ ಒಂದು ಗೀರೂ ಕಾಣದು. ನಾಣ್ಯದಿಂದ ಹಲಗೆಯನ್ನು ಎಲ್ಲಾ ಕಡೆ ತಟ್ಟುತ್ತಾ ಬನ್ನಿ. ತೆಂಗಿನಕಾಯಿ ತಟ್ಟಿ ಕೇಳೋ ಕಿವಿ ನಮಗೆ ಇದ್ದೇ ಇದೆ. ಗಟ್ಟಿ ಇದ್ದರೆ ಟಣ್ ಅನ್ನುತ್ತೆ, ಕೊಳೆತಿದ್ದರೆ ದೊಬ್ ಅಂತ ಸದ್ದು ಸಾಯುತ್ತೆ. ಇನ್ನೊಂದು ಪರೀಕ್ಷೆ: ಮೋಟಾರಿನ ಕೆಳಭಾಗವನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಲು ಹೇಳಿ, ನೀವು ಹಲಗೆ ಮೇಲೆ ಕೈ ಇಟ್ಟುಕೊಳ್ಳಿ. ಹಲಗೆ ಬಳುಕಿದರೆ, ಬೋಲ್ಟಿನ ಸುತ್ತ ಕಂದು ನೀರು ಒಸರಿದರೆ, ಅದು ತೇಪೆ ಹಾಕೋ ಕೆಲಸ ಅಲ್ಲ. ಹಲಗೆಯನ್ನೇ ಬದಲಾಯಿಸಬೇಕು. ಬದಲಾಯಿಸದೆ ಓಡಿಸಿದರೆ ಒಂದು ದಿನ ಮೋಟಾರೇ ಕಿತ್ತುಕೊಂಡು ನೀರಿಗೆ ಹೋಗಬಹುದು.

ಕೆಲವು ಬೋಟುಗಳಿಗೆ ಎರಡು ತಳ ಇರುತ್ತೆ, ನಡುವೆ ತೇಲಲಿ ಅಂತ ಫೋಮ್ ತುಂಬಿರುತ್ತಾರೆ. ಆ ಫೋಮ್ ವರ್ಷಗಟ್ಟಲೆ ನೀರು ಕುಡಿದಿದ್ದರೆ ಒಳಗೆ ನೋಡೋಕೆ ಒಣಗಿಯೇ ಕಾಣುತ್ತೆ, ದೋಣಿ ಮಾತ್ರ ಹೆಣಭಾರ. ನಾಲ್ಕು ಜನ ಎತ್ತಬೇಕಾದ ದೋಣಿಯನ್ನು ಎಂಟು ಜನ ಎತ್ತೋಕೆ ಒದ್ದಾಡಿದರೆ ಅನುಮಾನ ಪಡಿ.

ಇಷ್ಟಾದ ಮೇಲೆ ತಲೆಕೆಳಗಾದ ಪರೀಕ್ಷೆ. ನೀರು ಹೊರಗಿನಿಂದ ಒಳಗೆ ಬರೋದನ್ನು ಹುಡುಕೋದು ಕಷ್ಟ, ಒಳಗಿನಿಂದ ಹೊರಗೆ ಹೋಗೋದನ್ನು ನೋಡೋದು ಸುಲಭ. ದೋಣಿಯನ್ನು ದಡದಲ್ಲಿ ಹಳೇ ಟೈರು, ಮರಳು ಚೀಲದ ಮೇಲೆ ಸಮನಾಗಿ ಕೂರಿಸಿ. ಹೊರಮೈ ಒರೆಸಿ ಒಣಗಿಸಿ, ಕೀಲು, ಸ್ಕ್ರೂ, ಗೀರು ಇರುವ ಕಡೆ ರಂಗೋಲಿ ಪುಡಿ ಸವರಿ. ಒಳಗೆ ಮೂರು ನಾಲ್ಕು ಇಂಚು ನೀರು ಹಾಕಿ, ಬಟ್ಟೆಗೆ ಹಾಕೋ ನೀಲಿ ಸ್ವಲ್ಪ ಕದಡಿ. ಅರ್ಧ ಗಂಟೆ ಕಾಯಿರಿ. ಎಲ್ಲಿ ಒಸರುತ್ತೋ ಅಲ್ಲಿ ಬಿಳಿ ಪುಡಿಯ ಮೇಲೆ ನೀಲಿ ಗೆರೆ ಇಳಿಯುತ್ತೆ. ಪೆನ್ಸಿಲಿನಲ್ಲಿ ಸುತ್ತು ಹಾಕಿ ಗುರುತು ಮಾಡಿ. ದೋಣಿ ತುಂಬಾ ನೀರು ತುಂಬಿಸೋ ದುಡುಕು ಮಾತ್ರ ಬೇಡ. ದೋಣಿ ಕಟ್ಟಿರೋದು ಹೊರಗಿನ ನೀರು ಅದನ್ನು ಎತ್ತಿ ಹಿಡಿಯಲಿ ಅಂತ. ದಡದ ಮೇಲೆ ತುಂಬಿಸಿದರೆ ಆ ಭಾರಕ್ಕೆ ಚೆನ್ನಾಗಿದ್ದ ತಳವೂ ಸೀಳಬಹುದು.

ನೀರಿನಲ್ಲಿ ನೋಡುವುದು

ದಡದಲ್ಲಿ ಪಾಸಾದ ದೋಣಿ ನೀರಿನಲ್ಲಿ ಸೋರೋದುಂಟು. ಬದಿಯ ಮೇಲ್ಭಾಗದ ಕೀಲು, ಅಂಚುಪಟ್ಟಿಯ ಸ್ಕ್ರೂಗಳು ಖಾಲಿ ದೋಣಿಯಲ್ಲಿ ನೀರಿಗಿಂತ ಮೇಲೆ ಇರುತ್ತವೆ. ಜನ, ಬಲೆ, ಮೀನು ತುಂಬಿದ ಮೇಲೆ ನೀರಿಗೆ ಇಳಿಯುತ್ತವೆ. ಮೋಟಾರ್ ಓಡುವಾಗ ಹಿಂಭಾಗ ಇನ್ನೂ ಕುಸಿಯುತ್ತೆ. ಅದಕ್ಕೇ ಮೂರು ಸಲ ನೋಡಿ. ಖಾಲಿ ದೋಣಿ ಕಟ್ಟಿ ಒಂದು ಗಂಟೆ. ಮರಳು ಚೀಲ ಹೇರಿ ಒಂದು ಗಂಟೆ. ಮೋಟಾರ್ ಹಾಕಿ ದಡದ ಪಕ್ಕದಲ್ಲೇ ಅರ್ಧ ಗಂಟೆ. ಪ್ರತಿ ಸಲ ಮೊದಲು ಒರೆಸಿ, ಕೊನೆಗೆ ಒಳಗಿನ ನೀರನ್ನು ಮಗ್ಗಿನಲ್ಲಿ ಅಳೆದು ಬರೆದಿಡಿ. ಖಾಲಿಯಲ್ಲಿ ಏನೂ ಇಲ್ಲ, ಭಾರ ಹಾಕಿದಾಗ ಬಂತು ಅಂದರೆ ತೂತು ಮೇಲ್ಭಾಗದಲ್ಲಿದೆ. ಮೋಟಾರ್ ಓಡಿದಾಗ ಮಾತ್ರ ಬಂತು ಅಂದರೆ ಹಿಂಬದಿ ಹಲಗೆ, ಬೋಲ್ಟು ನೋಡಿ. ಮೂರರಲ್ಲೂ ಒಂದೇ ಸಮ ಬಂತು ಅಂದರೆ ತಳದ್ದು.

ಮೋಟಾರಿನ ಹಿಂದೆ ಪಿಚಕಾರಿಯ ಹಾಗೆ ಸಣ್ಣಗೆ ನೀರು ಚಿಮ್ಮೋದನ್ನು ನೋಡಿ ಗಾಬರಿ ಬೇಡ. ಅದು ಸೋರಿಕೆ ಅಲ್ಲ, ಎಂಜಿನ್ನನ್ನು ತಣ್ಣಗಿಟ್ಟು ಹೊರಗೆ ಬರೋ ನೀರು. ಅದು ನಿಂತರೇ ತೊಂದರೆ. ಹಾಗೇ, ನೀರಿಲ್ಲದ ಕಡೆ "ಸ್ಟಾರ್ಟ್ ಮಾಡಿ ತೋರಿಸ್ತೀನಿ" ಅಂದರೆ, ಮೋಟಾರಿನ ಕಾಲನ್ನು ನೀರಿನ ಡ್ರಮ್ಮಿನಲ್ಲಿ ಇಳಿಸಿ ತೋರಿಸಲು ಹೇಳಿ. ಒಣಗಿ ಓಡಿದರೆ ನೀರೆಳೆಯೋ ರಬ್ಬರ್ ಚಕ್ರ ಸುಟ್ಟುಹೋಗುತ್ತೆ. ಎಂಜಿನ್ ಒಳಗೇ ಇರುವ ಕರಾವಳಿಯ ದೊಡ್ಡ ದೋಣಿಗಳ ಕಥೆ ಬೇರೆ. ಅಲ್ಲಿ ಫ್ಯಾನಿನ ಕಂಬಿ ತಳದಿಂದ ಹೊರಗೆ ಹೋಗೋ ಜಾಗದಲ್ಲಿ, ಹಳೇ ರೀತಿಯ ಹಗ್ಗದ ಪ್ಯಾಕಿಂಗ್ ಇದ್ದರೆ, ಓಡುವಾಗ ಒಂದೊಂದೇ ಹನಿ ಬೀಳೋದು ಸರಿಯೇ. ಧಾರೆ ಬಿದ್ದರೆ ಸರಿಯಲ್ಲ.

ಈ ಪರೀಕ್ಷೆ ಒಬ್ಬರೇ ಮಾಡಬೇಡಿ, ದೋಣಿ ಹತ್ತೋರೆಲ್ಲ ಲೈಫ್ ಜಾಕೆಟ್ ಹಾಕಲಿ, ಮಕ್ಕಳನ್ನು ಹತ್ತಿಸಬೇಡಿ. ಕಬಿನಿಯಲ್ಲಿ ಮೊಸಳೆ ಇರೋದೂ ನೆನಪಿರಲಿ.

ಹರಿಗೋಲಿನದು ಸುಲಭ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯಸ್ ಬುಟ್ಟಿಯಂತೆ ಹೆಣೆದು ಚರ್ಮ ಹೊದಿಸಿದ ದುಂಡು ದೋಣಿಗಳ ಬಗ್ಗೆ ಬರೆದಿದ್ದಾನೆ. ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಚೀಲ, ಡಾಂಬರು ಬಂದಿದೆ, ಫೈಬರಿನ ಹರಿಗೋಲೂ ಬಂದಿದೆ. ಬಿದಿರಿನದಾದರೆ ಮಟಮಟ ಬಿಸಿಲಿನಲ್ಲಿ ಮಗುಚಿ ಹಾಕಿ ಒಳಗೆ ಕೂತು ನೋಡಿ, ತೂತು ಇರುವ ಕಡೆ ಚುಕ್ಕಿಯಂತೆ ಬೆಳಕು ಕಾಣುತ್ತೆ. ಒಡೆದ ಬಿದಿರಿನ ಸಿಬಿರು ಚೀಲಕ್ಕೆ ಚುಚ್ಚಿಕೊಂಡಿದ್ದರೆ ಅದನ್ನು ಕತ್ತರಿಸದೆ ಎಷ್ಟು ಡಾಂಬರು ಬಳಿದರೂ ದಂಡ.

ರಿಪೇರಿ, ಕಾಗದ, ಬೆಲೆ

ಫೈಬರ್ ಬೋಟಿಗೆ ಡಾಂಬರು ಹಿಡಿಯಲ್ಲ. ಎಂ-ಸೀಲ್ ಆ ಹೊತ್ತಿಗೆ ದಡ ಸೇರಿಸುತ್ತೆ ಅಷ್ಟೆ. ಬಿರುಕಿನ ಸುತ್ತ ಉಜ್ಜಿ, ಪೂರ್ತಿ ಒಣಗಿಸಿ, ಫೈಬರ್ ಮ್ಯಾಟು, ರೆಸಿನ್ ಹಾಕಿಸಬೇಕು. ತೇವ ಇದ್ದಾಗ ಹಾಕಿದ ತೇಪೆ ಸಿಪ್ಪೆಯಂತೆ ಎದ್ದು ಬರುತ್ತೆ. ಎರಡು ಮೂರು ದಿನ ಬಿಸಿಲಿಗೆ ಬಿಡೋಕೆ ಆಗದಿದ್ದರೆ ಮಳೆಗಾಲದಲ್ಲಿ ಆ ಕೆಲಸಕ್ಕೆ ಕೈ ಹಾಕಬೇಡಿ. ಫೈಬರ್ ಉಜ್ಜುವಾಗ ಏಳೋ ಧೂಳು ಮೈಗೆ, ಶ್ವಾಸಕ್ಕೆ ಕೆಟ್ಟದ್ದು, ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಲಿ.

ಕಾಗದವನ್ನೂ ಕೇಳಿ. 1917ರ ಹಳೇ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆಯಲ್ಲಿ ಯಂತ್ರದಿಂದ ಓಡುವ ದೋಣಿಗೆ ತಪಾಸಣೆ ಮತ್ತು ನೋಂದಣಿಯ ನಿಯಮ ಇದೆ. ಜಲಾಶಯದಲ್ಲಿ ಮೀನು ಹಿಡಿಯೋಕೆ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಕಬಿನಿ ಹಿನ್ನೀರಿನ ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ಬಂಡೀಪುರ, ಎರಡೂ ಹುಲಿ ಕಾಡು. ಅಲ್ಲಿ ಮೋಟಾರ್ ಓಡಿಸೋಕೆ ಬಿಡ್ತಾರಾ ಅಂತ ಅರಣ್ಯ ಇಲಾಖೆಯಲ್ಲಿ ಮೊದಲೇ ಕೇಳಬೇಕು. ಸೋರದ ದೋಣಿ ತಂದು ಮನೆ ಮುಂದೆ ಕವುಚಿ ಹಾಕಿದರೂ ಕಂತು ನಿಲ್ಲಲ್ಲ.

ನೀವು ಅಳೆದು ಬರೆದ ಚೀಟಿ ಬೆಲೆ ಮಾತಾಡೋಕೂ ಬರುತ್ತೆ. "ಭಾರ ಹಾಕಿದಾಗ ಗಂಟೆಗೆ ಆರು ಮಗ್ಗು" ಅಂತ ಮುಂದಿಟ್ಟರೆ "ಸ್ವಲ್ಪ ಒಸರುತ್ತೆ" ಅನ್ನೋ ಮಾತು ನಿಲ್ಲುತ್ತೆ. ರಿಪೇರಿಯವರಿಂದ ಖರ್ಚು ಬರೆಸಿಕೊಂಡು ಅಷ್ಟನ್ನು ಬೆಲೆಯಲ್ಲಿ ಕಳೆಯಲು ಹೇಳಿ. ಸಾಲದ ಹಣವನ್ನು ಒಂದೇ ಸಲ ಕೊಡದೆ, ಒಂದು ಭಾಗ ಉಳಿಸಿಕೊಂಡು, ರಿಪೇರಿ ಆದ ಮೇಲೆ ಅದೇ ಭಾರ, ಅದೇ ಒಂದು ಗಂಟೆ, ಅದೇ ಮಗ್ಗಿನಲ್ಲಿ ಮತ್ತೆ ಅಳೆದು ನೋಡಿ ಉಳಿದದ್ದನ್ನು ಕೊಡುವ ಹಾಗೆ ಸಭೆಯಲ್ಲಿ ಠರಾವು ಬರೆಯಿರಿ.