ಕಂಪ್ಯೂಟರ್ ಆಡಿಸಿದ ಕಾಳಗ

1970ರ ಜನವರಿ 20. ಆ ರಾತ್ರಿ ಅಮೆರಿಕದ ಚಿತ್ರಮಂದಿರಗಳ ಪರದೆಯ ಮೇಲೆ ಮಹಮ್ಮದ್ ಅಲಿ ಮತ್ತು ರಾಕಿ ಮಾರ್ಸಿಯಾನೋ ಸೆಣಸಿದರು. ವೃತ್ತಿಪರ ಅಖಾಡದಲ್ಲಿ ಅಲ್ಲಿಯವರೆಗೆ ಒಮ್ಮೆಯೂ ಸೋಲದ ಇಬ್ಬರು ಹೆವಿವೇಟ್ ಚಾಂಪಿಯನ್ನರು ಅವರು. ನಿಜವಾದ ಪಂದ್ಯದಲ್ಲಿ ಅವರು ಎಂದೂ ಮುಖಾಮುಖಿಯಾಗಿರಲಿಲ್ಲ. ಮಾರ್ಸಿಯಾನೋ 1956ರಲ್ಲಿ ಗ್ಲೌಸ್ ಕಳಚಿಟ್ಟಾಗ ಅಲಿ ಇನ್ನೂ 14ರ ಹುಡುಗ. ಚಿತ್ರ ತೆರೆ ಕಂಡ ದಿನ ಮಾರ್ಸಿಯಾನೋ ಬದುಕಿಯೂ ಇರಲಿಲ್ಲ. ಪ್ರೇಕ್ಷಕರು ನೋಡಿದ್ದು ಕಂಪ್ಯೂಟರ್ ಬರೆದ ಪಂದ್ಯವನ್ನು.

ಬೇರೆ ಬೇರೆ ಕಾಲದವರನ್ನು ಎದುರುಬದುರು ನಿಲ್ಲಿಸಿ ವಾದಿಸುವ ಚಟ ಎಲ್ಲ ಆಟಗಳ ಅಭಿಮಾನಿಗಳಿಗೂ ಇದೆ. ನಮ್ಮ ಕ್ರಿಕೆಟ್‌ನಲ್ಲಿ ವಿಶ್ವನಾಥ್ ಮೇಲೋ ದ್ರಾವಿಡ್ ಮೇಲೋ ಎಂಬ ಚರ್ಚೆ ಮುಗಿಯುವುದೇ ಇಲ್ಲ. ಆದರೆ ಬಾಕ್ಸಿಂಗ್‌ನಲ್ಲಿ ಈ ಹಂಬಲ ಇನ್ನೂ ತೀವ್ರ. ಅಲ್ಲಿ ಪಟ್ಟ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ದಾಟಬೇಕು. ಹಿಂದಿನ ಚಾಂಪಿಯನ್ನನ್ನು ಸೋಲಿಸಿದವನೇ ಚಾಂಪಿಯನ್. ಪಟ್ಟದಲ್ಲಿದ್ದವನು ಸೋಲದೆಯೇ ಹೊರಟುಹೋದರೆ ಆ ಸರಪಳಿ ತುಂಡಾಗುತ್ತದೆ. ಇವನನ್ನು ಯಾರು ಸೋಲಿಸಬಹುದಿತ್ತು ಎಂಬ ಪ್ರಶ್ನೆ ಉಳಿದುಬಿಡುತ್ತದೆ. ಕಾಲ್ಪನಿಕ ಕಾಳಗಗಳೆಲ್ಲ ಹುಟ್ಟಿದ್ದು ಇಂಥ ತುಂಡಾದ ಕೊಂಡಿಗಳಿಂದಲೇ.

ಮೊದಲ ದೊಡ್ಡ ಕೊಂಡಿ ಕಳಚಿದ್ದು 1905ರಲ್ಲಿ, ಜೇಮ್ಸ್ ಜೆಫ್ರೀಸ್ ಅಜೇಯನಾಗಿಯೇ ನಿವೃತ್ತನಾದಾಗ. ಮೂರು ವರ್ಷಗಳ ನಂತರ ಸಿಡ್ನಿಯಲ್ಲಿ ಟಾಮಿ ಬರ್ನ್ಸ್‌ನನ್ನು ಮಣಿಸಿ ಜ್ಯಾಕ್ ಜಾನ್ಸನ್ ಪಟ್ಟಕ್ಕೇರಿದ. ಅವನೇ ಮೊದಲ ಕಪ್ಪು ಹೆವಿವೇಟ್ ಚಾಂಪಿಯನ್. ಇದನ್ನು ಸಹಿಸಲಾರದ ಬಿಳಿಯ ಅಮೆರಿಕ, ಜೆಫ್ರೀಸ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಗೊಣಗತೊಡಗಿತು. ಗೊಣಗಾಟ ಒತ್ತಾಯವಾಯಿತು, ತೂಕ ಬೆಳೆಸಿಕೊಂಡು ತೋಟದಲ್ಲಿ ನೆಮ್ಮದಿಯಾಗಿದ್ದ ಜೆಫ್ರೀಸ್ ಮತ್ತೆ ಮೈ ಇಳಿಸಿ ಅಖಾಡಕ್ಕೆ ಬಂದ. 1910ರ ಜುಲೈ 4ರಂದು, ರೀನೋ ಪಟ್ಟಣದ ಬಿಸಿಲಿನಲ್ಲಿ, 15ನೇ ಸುತ್ತಿನಲ್ಲಿ ಜಾನ್ಸನ್ ಅವನನ್ನು ನೆಲಕ್ಕುರುಳಿಸಿದ. ಅಂದು ರಾತ್ರಿ ಅಮೆರಿಕದ ಹಲವು ನಗರಗಳಲ್ಲಿ ಜನಾಂಗೀಯ ಗಲಭೆಗಳಾಗಿ ಕಪ್ಪು ಜನ ಪ್ರಾಣ ತೆತ್ತರು.

ಅಂಥ ಇನ್ನೊಂದು ಕೊಂಡಿ ಮಾರ್ಸಿಯಾನೋ. ಬ್ರಾಕ್ಟನ್ ಪಟ್ಟಣದ ಚಪ್ಪಲಿ ಕಾರ್ಖಾನೆ ಕಾರ್ಮಿಕನ ಮಗ. 1952ರಲ್ಲಿ ಫಿಲಡೆಲ್ಫಿಯಾದಲ್ಲಿ, ಅಂಕಗಳಲ್ಲಿ ಹಿಂದಿದ್ದೂ 13ನೇ ಸುತ್ತಿನ ಒಂದೇ ಬಲಗೈ ಗುದ್ದಿನಿಂದ ಜರ್ಸಿ ಜೋ ವಾಲ್ಕಾಟ್‌ನನ್ನು ಕೆಡವಿ ಪಟ್ಟ ಗೆದ್ದ. 49 ಪಂದ್ಯ ಆಡಿ, 49ನ್ನೂ ಗೆದ್ದು ಹೊರನಡೆದ. ಮತ್ತೊಬ್ಬ ಅಲಿ. ವಿಯೆಟ್ನಾಂ ಯುದ್ಧಕ್ಕಾಗಿ ಸೇನೆ ಸೇರಲು ನಿರಾಕರಿಸಿದ ಅವನಿಂದ 1967ರ ಏಪ್ರಿಲ್‌ನಲ್ಲಿ ಪಟ್ಟವನ್ನೂ ಲೈಸೆನ್ಸನ್ನೂ ಕಸಿದುಕೊಳ್ಳಲಾಯಿತು. ಅಖಾಡದಲ್ಲಿ ಅವನನ್ನು ಸೋಲಿಸಿದವರು ಆಗ ಯಾರೂ ಇರಲಿಲ್ಲ.

ಅದೇ 1967ರಲ್ಲಿ ಮಯಾಮಿಯ ರೇಡಿಯೊ ನಿರ್ಮಾಪಕ ಮರ್ರಿ ವರೋನರ್ ಕಾಲ್ಪನಿಕ ಪಂದ್ಯಾವಳಿಯ ಒಂದು ರೇಡಿಯೊ ಸರಣಿ ಕಟ್ಟಿದ. ಸುಮಾರು 250 ಬಾಕ್ಸಿಂಗ್ ಬರಹಗಾರರ ಮತ್ತು ತಜ್ಞರ ಅಭಿಪ್ರಾಯ ಕೇಳಿ ಸಾರ್ವಕಾಲಿಕ ಹೆವಿವೇಟ್ ಚಾಂಪಿಯನ್ನರನ್ನು ಆರಿಸಿದ. ಅವರ ವೇಗ, ಗುದ್ದಿನ ಬಲ, ಪೆಟ್ಟು ತಾಳುವ ಶಕ್ತಿ, ಹೋರಾಟದ ಶೈಲಿ ಎಲ್ಲವನ್ನೂ ಸೂತ್ರಗಳಾಗಿಸಿ ಎನ್‌ಸಿಆರ್ 315 ಎಂಬ ಕಂಪ್ಯೂಟರ್‌ಗೆ ಉಣಿಸಲಾಯಿತು. ಅದು ಕೊಟ್ಟ ಫಲಿತಾಂಶಕ್ಕೆ ಜನಸ್ತೋಮದ ಸದ್ದು, ವೀಕ್ಷಕ ವಿವರಣೆ ಸೇರಿಸಿ ಪಂದ್ಯ ಅಲ್ಲೇ ನಡೆಯುತ್ತಿದೆ ಎಂಬಂತೆ ಪ್ರಸಾರ ಮಾಡಿದರು. ಅಂತಿಮ ಹಣಾಹಣಿಯಲ್ಲಿ ಮಾರ್ಸಿಯಾನೋ ಜ್ಯಾಕ್ ಡೆಂಪ್ಸಿಯನ್ನು 13ನೇ ಸುತ್ತಿನಲ್ಲಿ ನಾಕೌಟ್ ಮಾಡಿದ. ಅಲಿ ಕ್ವಾರ್ಟರ್‌ಫೈನಲ್‌ನಲ್ಲೇ ಹೊರಬಿದ್ದಿದ್ದ, ಅದೂ ಜೆಫ್ರೀಸ್‌ನ ಕೈಯಲ್ಲಿ! ಜ್ಯಾಕ್ ಜಾನ್ಸನ್‌ನನ್ನು ತನ್ನ ಪೂರ್ವಸೂರಿ ಎಂದು ಬಗೆದಿದ್ದ ಅಲಿಗೆ, ರೀನೋದಲ್ಲಿ ಜಾನ್ಸನ್ ಕೆಡವಿದ್ದ ಮನುಷ್ಯನಿಂದಲೇ ಸೋಲು ಬರೆಯಲಾಗಿತ್ತು.

ಹೆಸರಿಗೆ ಕಳಂಕ ತಂದಿದ್ದಾರೆ ಎಂದು ಅಲಿ 10 ಲಕ್ಷ ಡಾಲರ್‌ಗಳ ಮೊಕದ್ದಮೆ ಹೂಡಿದ. ವರೋನರ್ ರಾಜಿಗೆ ಬಂದ: ಮಾರ್ಸಿಯಾನೋ ಎದುರು ಕ್ಯಾಮೆರಾ ಮುಂದೆ ಆಡು, ಗಳಿಕೆಯಲ್ಲಿ ಪಾಲು ಪಡೆ. ಎರಡು ವರ್ಷಗಳಿಂದ ಪಂದ್ಯವಿಲ್ಲದೆ ಕುಳಿತಿದ್ದ ಅಲಿ ಒಪ್ಪಿದ. 45 ವರ್ಷದ ಮಾರ್ಸಿಯಾನೋ 20 ಕಿಲೋಗೂ ಹೆಚ್ಚು ತೂಕ ಇಳಿಸಿ, ಬೋಳು ತಲೆಗೆ ವಿಗ್ ಧರಿಸಿ ಬಂದ. 1969ರಲ್ಲಿ ಮಯಾಮಿಯ ಸ್ಟುಡಿಯೊದಲ್ಲಿ ಒಂದೊಂದು ನಿಮಿಷದ ಎಪ್ಪತ್ತಕ್ಕೂ ಹೆಚ್ಚು ಸುತ್ತುಗಳನ್ನು ಚಿತ್ರೀಕರಿಸಿದರು. ಬೇರೆ ಬೇರೆ ಮುಕ್ತಾಯಗಳೂ ತಯಾರಾದವು. ಯಾವುದು ಉಳಿಯುತ್ತದೆಂದು ಇಬ್ಬರಿಗೂ ಹೇಳಲಿಲ್ಲ. ಆ ದಿನಗಳಲ್ಲಿ ಅವರ ನಡುವೆ ಸ್ನೇಹ ಬೆಳೆಯಿತು. ಆಗಸ್ಟ್ 31ರಂದು ಅಯೋವಾದಲ್ಲಿ ವಿಮಾನ ಅಪಘಾತದಲ್ಲಿ ಮಾರ್ಸಿಯಾನೋ ಸತ್ತ. ಮರುದಿನ ಅವನ ಹುಟ್ಟುಹಬ್ಬವಿತ್ತು.

ಅಮೆರಿಕದ ಪ್ರೇಕ್ಷಕರು ನೋಡಿದ ಚಿತ್ರದಲ್ಲಿ ಮಾರ್ಸಿಯಾನೋ 13ನೇ ಸುತ್ತಿನಲ್ಲಿ ಅಲಿಯನ್ನು ನಾಕೌಟ್ ಮಾಡಿದ. ಯುರೋಪಿನಲ್ಲಿ ತೋರಿಸಿದ ಇನ್ನೊಂದು ಆವೃತ್ತಿಯಲ್ಲಿ ಅಲಿಯೇ ಗೆದ್ದ. ಆ ಕಂಪ್ಯೂಟರನ್ನು ಅಲಬಾಮಾದಲ್ಲಿ ತಯಾರಿಸಿರಬೇಕು ಎಂದು ಅಲಿ ಹೇಳಿದ್ದು ಪ್ರಸಿದ್ಧ. ವರ್ಣಭೇದಕ್ಕೆ ಹೆಸರಾಗಿದ್ದ ರಾಜ್ಯವದು. ಆ ಮಾತಿನಲ್ಲಿ ದೊಡ್ಡ ಸತ್ಯವಿದೆ. ಯಂತ್ರ ಎಣಿಸಿದ್ದು ಮನುಷ್ಯರು ಕೊಟ್ಟ ಅಂಕಗಳನ್ನು. ಆ ಮನುಷ್ಯರ ಒಲವು, ಮುನಿಸು ಎರಡೂ ಲೆಕ್ಕದೊಳಗೆ ಸೇರಿದ್ದವು.

ಲೆಕ್ಕ ಎಷ್ಟೇ ಪ್ರಾಮಾಣಿಕವಾಗಿರಲಿ, ಇನ್ನೊಂದು ತೊಡಕು ಇದ್ದೇ ಇದೆ. ಆಟವೇ ಬದಲಾಗಿದೆ. ಜಾನ್ಸನ್–ಜೆಫ್ರೀಸ್ ಪಂದ್ಯಕ್ಕೆ 45 ಸುತ್ತು ನಿಗದಿಯಾಗಿತ್ತು. ಮಾರ್ಸಿಯಾನೋ ಕಾಲಕ್ಕೆ ಅದು 15. ಕೊರಿಯಾದ ಕಿಮ್ ಡುಕ್-ಕೂ 1982ರಲ್ಲಿ ರಿಂಗ್‌ನಲ್ಲಿ ಪೆಟ್ಟು ತಿಂದು ಸತ್ತ ಮೇಲೆ ಪಟ್ಟದ ಪಂದ್ಯಗಳು 12 ಸುತ್ತಿಗೆ ಇಳಿದವು. ಮಾರ್ಸಿಯಾನೋ ಗೆದ್ದ 13ನೇ ಸುತ್ತು ಇಂದು ಇಲ್ಲವೇ ಇಲ್ಲ. ಸುಮಾರು 85 ಕಿಲೋ ತೂಗುತ್ತಿದ್ದ ಅವನು ಇಂದಾದರೆ ಹೆವಿವೇಟ್‌ಗಿಂತ ಕೆಳಗಿನ ಕ್ರೂಸರ್‌ವೇಟ್ ವಿಭಾಗದಲ್ಲಿ ಆಡಬೇಕಿತ್ತು. ಇತ್ತೀಚಿನ ವರ್ಷಗಳ ಹೆವಿವೇಟ್ ಚಾಂಪಿಯನ್ ಟೈಸನ್ ಫ್ಯೂರಿಯ ತೂಕ 120 ಕಿಲೋ ದಾಟಿತ್ತು. ಇವರಿಬ್ಬರನ್ನು ಯಾವ ತೂಕಕ್ಕೆ, ಯಾವ ಕಾಲದ ನಿಯಮಕ್ಕೆ ಒಳಪಡಿಸಿ ಆಡಿಸುವುದು? ನಿಯಮ ಆರಿಸಿದ ಕ್ಷಣವೇ ಅರ್ಧ ತೀರ್ಪು ಬರೆದಂತೆ.

ಎರಡು ಕಾಲಗಳು ನಿಜವಾಗಿ ಅಖಾಡದಲ್ಲಿ ಸಂಧಿಸಿದಾಗಲೂ ಉತ್ತರ ಸಿಕ್ಕಿಲ್ಲ. 1951ರಲ್ಲಿ ಮಾರ್ಸಿಯಾನೋ ತನ್ನ ಆರಾಧ್ಯದೈವ, ಮಾಜಿ ಚಾಂಪಿಯನ್ ಜೋ ಲೂಯಿಸ್‌ನನ್ನು ಎಂಟನೇ ಸುತ್ತಿನಲ್ಲಿ ಉರುಳಿಸಿ, ಆಮೇಲೆ ಅತ್ತ. ಲೂಯಿಸ್‌ಗೆ ಆಗ 37 ವರ್ಷ. 1980ರಲ್ಲಿ ಲ್ಯಾರಿ ಹೋಮ್ಸ್ ಹತ್ತು ಸುತ್ತು 38ರ ಅಲಿಯನ್ನು ಜಜ್ಜಿದ. ಒಂದು ಕಾಲಕ್ಕೆ ಅಲಿಯ ಅಭ್ಯಾಸದ ಜೊತೆಗಾರನಾಗಿದ್ದ ಅವನೂ ಗೆದ್ದು ಅತ್ತ. ಎರಡೂ ಕಡೆ ಸೋಲಿಸಿದ್ದು ವಯಸ್ಸು.

ಹಾಗಾಗಿ ಯಾರು ದೊಡ್ಡವರು ಎಂಬ ವಾದವನ್ನು ಮನಸಾರೆ ಮಾಡೋಣ. ಅದರಿಂದಲೇ ಹಳಬರ ಹೆಸರು ಹೊಸಬರ ಕಿವಿಗೆ ಬೀಳುತ್ತದೆ. ಯಂತ್ರದ ತೀರ್ಪನ್ನು ಮಾತ್ರ ಚರಿತ್ರೆ ಎಂದು ನಂಬುವುದು ಬೇಡ. 1970ರ ಆ ಪಂದ್ಯ ಯಾರ ದಾಖಲೆಗೂ ಸೇರಲಿಲ್ಲ. ಮಾರ್ಸಿಯಾನೋ ಹೆಸರಿನ ಮುಂದೆ ಇಂದಿಗೂ 49 ಗೆಲುವು, ಸೊನ್ನೆ ಸೋಲು. ಅಲಿಯ ಹೆಸರಿನ ಮುಂದೆ 56 ಗೆಲುವು, 5 ಸೋಲು. ಆ ಐದರಲ್ಲಿ ಕಂಪ್ಯೂಟರ್ ಕೊಟ್ಟದ್ದು ಒಂದೂ ಇಲ್ಲ.